ಹಸಿದ ಮೂಲೆ

ಈ ಸಲ ಬಲಗಡೆಯ ಮೂಲೆ. ಹಿಂದಿನ ಸಲ ಎಡಗಡೆಯದು. ಅವಳು ಯಂತ್ರದ ಬಾಗಿಲು ಸರಿಸಿ, ಇನ್ನೂ ಬಿಸಿಯಾಗಿದ್ದ ಪ್ಲಾಸ್ಟಿಕ್ ಕೊಂಬೆಯನ್ನು ಮೋಲ್ಡಿನಿಂದ ಬಿಡಿಸಿ ಬೆಳಕಿಗೆ ಹಿಡಿದಳು. ನಡುವಿನ ದಂಟಿನ ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು ಬಿಳಿ ಮುಚ್ಚಳಗಳು. ಔಷಧಿ ಬಾಟಲಿಗೆ ಹಾಕುವಂಥವು. ಏಳು ಚೆನ್ನಾಗಿಯೇ ಬಂದಿದ್ದವು. ಮೇಲಿನ ಸಾಲಿನ ತುದಿಯದು ಮಾತ್ರ ಇಲಿ ಕಚ್ಚಿದ ಹಾಗೆ ಅಂಚು ಕಳೆದುಕೊಂಡಿತ್ತು. ಪ್ಲಾಸ್ಟಿಕ್ಕು ಅಲ್ಲಿಗೆ ತಲುಪುವಷ್ಟರಲ್ಲಿ ಆರಿಹೋಗಿತ್ತು.

"ಮತ್ತೆ ಶಾರ್ಟಾ? ತುಂಬಲೇ ಇಲ್ವಾ?" ಪಕ್ಕದ ಯಂತ್ರದಿಂದ ರೇಡಿಯೋ ಅಕ್ಕ ಕೂಗಿದಳು. ಕೆಲಸಕ್ಕೆ ಬಂದಾಗ ಶುರುವಾದ ಬಾಯಿ ಸಂಜೆಯ ಸೈರನ್ನಿಗೇ ನಿಲ್ಲುತ್ತಿದ್ದುದರಿಂದ ಅವಳಿಗೆ ಆ ಹೆಸರು. "ನಮ್ಮನೆ ಊಟದ ಥರಾನೇ ಆಯ್ತು ನೋಡು. ಕೊನೇಲಿ ಕೂತೋಳಿಗೆ ಸೌಟಿನ ಸದ್ದು ಮಾತ್ರ."

ಮೇಲ್ವಿಚಾರಕ ಬಂದು ಕೊಂಬೆಯನ್ನು ಕೈಗೆ ತೆಗೆದುಕೊಂಡ, ತಿರುಗಿಸಿ ನೋಡಿದ, ಮತ್ತೆ ಯಂತ್ರದ ಗುಂಡಿಗಳ ಕಡೆಗೆ ಹೋದ. ಬೆಳಗಿನಿಂದ ಅದೇ ನಡೆದಿತ್ತು. ಒತ್ತಡ ಹೆಚ್ಚಿಸಿದರೆ ತುಂಬಿದ್ದ ಮುಚ್ಚಳಗಳೇ ಇನ್ನಷ್ಟು ತುಂಬಿ, ಮೋಲ್ಡಿನ ಸಂದಿಯಿಂದ ಹೊರಗೆ ಚಿಮ್ಮಿ, ಅಂಚಿಗೆ ತೆಳುವಾದ ರೆಕ್ಕೆ ಕಟ್ಟಿಕೊಂಡು ಬರುತ್ತಿದ್ದವು. ಇಳಿಸಿದರೆ ಮೂಲೆ ಹಸಿದು ಉಳಿಯುತ್ತಿತ್ತು.

"ಸಾಕು" ಅಂದ ಅವನು ಕೊನೆಗೆ. "ಯಜಮಾನ್ರು ಹೇಳಿಬಿಟ್ಟಿದಾರೆ ಕಣಮ್ಮ. ನಾಳೆ ಮೋಲ್ಡ್ ಇಳಿಸಿ ಲಾರಿಗೆ ಹಾಕ್ಬೇಕಂತೆ. ಹೊರಗಡೆ ದೊಡ್ಡ ವರ್ಕ್‌ಶಾಪಲ್ಲಿ ಹೊಸದೇ ಮಾಡಿಸ್ತಾರಂತೆ."

"ಅಪ್ಪ ಒಂದ್ಸಲ ನೋಡ್ಲಿ ಸಾರ್."

ಅವನು ಕಾರ್ಖಾನೆಯ ಆ ತುದಿಯ ಕಡೆ ನೋಡಿದ. ಅಲ್ಲಿ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಅವಳ ಅಪ್ಪ ಒಂದು ಉಕ್ಕಿನ ತುಂಡನ್ನು ಎಣ್ಣೆಬಟ್ಟೆಯಿಂದ ಉಜ್ಜುತ್ತ ಕೂತಿದ್ದ. ಎಲ್ಲರಿಗೂ ಅವನು ಅರದಜ್ಜ. ಅರ ಹಿಡಿದವನ ಕೈಯಲ್ಲಿ ಅರ ಕಾಣುವುದೇ ಇಲ್ಲ, ಬೆರಳೇ ಉಕ್ಕನ್ನು ತಿನ್ನುತ್ತಿದೆ ಅನ್ನಿಸುತ್ತದೆ ಎಂದು ಹಳಬರು ಹೇಳುತ್ತಿದ್ದರು. ಈ ಮುಚ್ಚಳದ ಮೋಲ್ಡು ಅವನೇ ಕಡೆದದ್ದು. ಉಳಿದ ಮೋಲ್ಡುಗಳೆಲ್ಲ ಈಗ ಹೊರಗಿನಿಂದ ಬರುತ್ತಿದ್ದವು; ಇದೊಂದರ ನೆಪದಲ್ಲಿ ಅವನ ಬೆಂಚು ಉಳಿದಿತ್ತು. ಮೋಲ್ಡು ಲಾರಿ ಹತ್ತಿದರೆ ಆ ಬೆಂಚಿನ ಮೇಲೆ ಯಾರಾದರೂ ರಟ್ಟಿನ ಪೆಟ್ಟಿಗೆ ಪೇರಿಸುತ್ತಾರೆ. ಅಪ್ಪ ಮನೆಯ ಗೋಡೆಗೆ ಒರಗಿ ಕೂರುತ್ತಾನೆ. ಅದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

"ನಾಳೆ ಬೆಳಿಗ್ಗೆ ಇಳಿಸ್ತೀನಿ" ಅಂದ ಮೇಲ್ವಿಚಾರಕ. "ಲಾರಿ ಬರೋದು ಮಧ್ಯಾಹ್ನ. ಅಷ್ಟರಲ್ಲಿ ಅಜ್ಜ ಏನಾದ್ರೂ ಮಾಡಿದ್ರೆ ನಂಗೂ ಸಂತೋಷಾನೇ."

ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ತಂದೆ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಬಿಟ್ಟು ಬಂದಿದ್ದರು. ಬೆಳಕು ಯಾವುದು, ನೆರಳು ಯಾವುದು, ಅಷ್ಟು ತಿಳಿಯುತ್ತಿತ್ತು. ಬೆಂಚಿನ ದಾರಿ ಕಾಲಿಗೆ ಗೊತ್ತಿತ್ತು, ಉಜ್ಜುವ ಕೆಲಸ ಬೆರಳಿಗೆ. ಎದುರು ಸಿಕ್ಕವರನ್ನು ಮಾತಾಡಿಸದೆ ಹೋಗುವುದನ್ನು ನೋಡಿ ಜನ, "ಅರದಜ್ಜಂಗೆ ವಯಸ್ಸಾದಷ್ಟೂ ಗತ್ತು ಜಾಸ್ತಿ" ಅಂದುಕೊಂಡಿದ್ದರು. ಗತ್ತು ಅಂದುಕೊಳ್ಳಲಿ ಎಂದು ಅವನೂ ಕತ್ತೆತ್ತಿಯೇ ನಡೆಯುತ್ತಿದ್ದ.

ಅಂದು ಸಂಜೆ ಅವಳು ವಿಷಯ ಹೇಳಿದಾಗ ಅಪ್ಪ ಚಾಪೆಯ ಮೇಲೆ ನೆಟ್ಟಗೆ ಕೂತ. ಎಷ್ಟೋ ದಿನಗಳ ಮೇಲೆ ಅವನ ಮುಖಕ್ಕೆ ರಕ್ತ ಬಂದ ಹಾಗೆ ಕಂಡಿತು. ಅವಳ ಮಗಳು ಪುಟ್ಟಿ, ಕಾರ್ಖಾನೆಯ ಕೆಟ್ಟ ಮುಚ್ಚಳಗಳನ್ನು ಸಾಲಾಗಿ ಇಟ್ಟುಕೊಂಡು ಚೊಂಬಿನಿಂದ ನೀರು ಬಡಿಸುತ್ತಿದ್ದಳು.

"ಪುಟ್ಟಿ, ಎಲ್ಲರಿಗೂ ಸಮ ಹಾಕ್ತಿದೀಯಾ?"

"ಹೂಂ ತಾತ. ಈ ಮೂಲೇದು ಮಾತ್ರ ಸೋರ್ತಾನೇ ಇರುತ್ತೆ. ಎಷ್ಟು ಹಾಕಿದ್ರೂ ಸಾಲದು ಅದಕ್ಕೆ."

ಅಪ್ಪ ನಕ್ಕ. ಆಮೇಲೆ ಮಗಳ ಕಡೆಗೆ ತಿರುಗಿದ. "ಪ್ಲಾಸ್ಟಿಕ್ಕು ಮೈಗಳ್ಳ ಕಣೇ ಮರಿ. ಹತ್ತಿರದ ಮನೆ ಯಾವ್ದೋ ಅಲ್ಲಿಗೇ ಮೊದಲು ನುಗ್ಗೋದು. ಅದಕ್ಕೇ ಹತ್ತಿರದ ಗುಳಿಯ ಬಾಯಲ್ಲಿ ಗೇಟು ಕಿರಿದು, ದೂರದ್ದಕ್ಕೆ ಒಂಚೂರು ಅಗಲ. ಎಂಟೂ ಒಂದೇ ಉಸಿರಿಗೆ ತುಂಬಬೇಕು. ಈಗ ಸವೆದಿರುತ್ತೆ. ಒಂದು ಕಮ್ಮಿ, ಒಂದು ಜಾಸ್ತಿ. ಬೆರಳಿಗೂ ಸಿಗಲ್ಲ ಆ ವ್ಯತ್ಯಾಸ, ಪ್ಲಾಸ್ಟಿಕ್ಕಿಗೆ ಮಾತ್ರ ಸಿಗುತ್ತೆ. ಹಸಿದಿರೋದರ ಗೇಟು ಒಂದು ಕೂದಲೆಳೆ ತೆಗೆದ್ರೆ ಸಾಕು, ಎಲ್ಲಾ ಸರಿಹೋಗುತ್ತೆ. ಯಾವ ಮೂಲೆ?"

"ಒಂದ್ಸಲ ಎಡ, ಒಂದ್ಸಲ ಬಲ ಅಪ್ಪಾ."

"ಅವ್ನು ಗುಂಡಿ ತಿರುಗಿಸ್ತಾ ಇದ್ರೆ ಹಂಗೇ ಆಗೋದು. ಬೆಳಿಗ್ಗೆ ಯಾರೂ ಕೈ ಹಾಕದೆ ಸುಮ್ನೆ ಓಡಿಸಿ. ಯಾವುದು ಬಿಡದೇ ಹಸಿದಿರುತ್ತೋ, ಅದೇ."

ಹಿಂದೆಲ್ಲ ಅವನು ಬರೀ ಮಾತಿನ ಮೇಲೆ ಅರ ಇಡುತ್ತಿರಲಿಲ್ಲ. ಕೊಂಬೆಯನ್ನೇ ಬೆಂಚಿಗೆ ತಂದು, ಗೇಟುಗಳಿರುವ ಅರ್ಧದೊಳಗೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಅರೆಬರೆ ತುಂಬಿದ ಮುಚ್ಚಳ ಯಾವ ಗುಳಿಯಲ್ಲಿ ಕೂರುತ್ತದೆ ನೋಡಿಕೊಳ್ಳುತ್ತಿದ್ದ. ಗುಳಿಗಳಿಗೆ ನಂಬರು ಹೊಡೆದಿರಲಿಲ್ಲ. "ಎಂಟೂ ಒಂದೇ ಥರ ಬರ್ಬೇಕಾದ್ರೆ ನಂಬರು ಯಾಕೆ?" ಎಂದು ವಯಸ್ಸಿದ್ದಾಗ ಕೇಳಿದ್ದನಂತೆ.

"ಈಗ ಕೊಂಬೆ ಮಲಗಿಸೋಕೆ ಹೋದ್ರೆ ತಡಕಾಡ್ಬೇಕು" ಅಂದ ಮೆಲ್ಲಗೆ. "ತಡಕಾಡಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ನೀನೇ ಯಂತ್ರದ ಹತ್ರ ನೋಡಿ, ಬಂದು ಹೇಳು. ಎಡ ಅಂದ್ರೆ ಎಡ, ಬಲ ಅಂದ್ರೆ ಬಲ. ಉಳಿದಿದ್ದು ನನ್ನ ಕೈಗೆ ಬಿಡು."

ಅದಕ್ಕೊಂದು ರೂಢಿ ಇತ್ತು. ಮೋಲ್ಡಿನ ಎರಡು ಅರ್ಧಗಳು ಜೋಡಿಸಿದ ಅಂಗೈಗಳ ಹಾಗೆ ಮುಖಕ್ಕೆ ಮುಖ ಕೂಡುತ್ತವೆ. ತೆರೆದಾಗ ಕೊಂಬೆ ಒಂದು ಅರ್ಧಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಗೇಟುಗಳಿರುವುದು ಇನ್ನೊಂದರಲ್ಲಿ. ಎದುರು ನಿಂತವರ ಎಡಗೈ ನಮ್ಮ ಬಲಕ್ಕೆ ಬರುವ ಹಾಗೆ, ಕೊಂಬೆಯಲ್ಲಿ ಬಲಕ್ಕಿರುವುದು ಬೆಂಚಿನ ಮೇಲಿನ ಗೇಟುಗಳಲ್ಲಿ ಎಡಕ್ಕಿರುತ್ತದೆ. ಯಂತ್ರದವರು ಕೊಂಬೆ ನೋಡಿ ಹೇಳುವುದು, ಬೆಂಚಿನವನು ಅದನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳುವುದು. ಮೊದಲಿನಿಂದಲೂ ಹಾಗೆಯೇ ನಡೆದು ಬಂದಿತ್ತು. ಅದನ್ನು ಮಾತಾಡಿ ಗೊತ್ತು ಮಾಡಿಕೊಳ್ಳುವ ಅಗತ್ಯ ಅಂದು ಇಬ್ಬರಿಗೂ ಕಾಣಲಿಲ್ಲ.

ಬೆಳಿಗ್ಗೆ ಅವಳು ಪುಟ್ಟಿಯ ತಲೆ ಬಾಚಿ, ಮೂರು ಡಬ್ಬಿಗಳಿಗೆ ಊಟ ತುಂಬಿ, ಹಾಲಿನ ಪಾತ್ರೆಗೆ ನೀರು ಬಿಟ್ಟು ಹೊರಗೆ ಬಂದಾಗ ಅಪ್ಪ ಆಗಲೇ ಹೊರಟು ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ಎಲ್ಲಕ್ಕಿಂತ ಸಣ್ಣ ಅರವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡಿದ್ದ. ತಾತನ ಚಪ್ಪಲಿ ಜೋಡಿಸಿಡುವುದು ಪುಟ್ಟಿಯ ಕೆಲಸ. ಅವಳು ಅಂದು ಅವಸರದಲ್ಲಿ ತಾತನ ಎದುರಿಗೇ ಕುಕ್ಕುರುಗಾಲಲ್ಲಿ ಕೂತು, ತನ್ನ ಎಡಕ್ಕೆ ಎಡದ್ದನ್ನೂ ಬಲಕ್ಕೆ ಬಲದ್ದನ್ನೂ ಇಟ್ಟಿದ್ದಳು. ಅಪ್ಪ ಕಾಲು ತೂರಿಸಿ ಹೊರಟೇಬಿಟ್ಟ. ಅಂಗಳ ದಾಟಿ, ಎದುರುಮನೆಯ ಕಟ್ಟೆಯವರೆಗೂ ಹಾಗೇ ನಡೆದ.

"ಅಯ್ಯೋ ತಾತ! ಅದಲು ಬದಲು!" ಪುಟ್ಟಿ ಚಪ್ಪಾಳೆ ತಟ್ಟಿದಳು.

ಅಪ್ಪ ನಿಂತ. ಬಗ್ಗಿ ಮುಟ್ಟಿ ನೋಡಿಕೊಂಡ. "ಏನೋ ಕಾಲು ಜಗಳ ಆಡ್ತಿವೆ ಅಂದ್ಕೊಂಡೆ" ಅಂದು ನಕ್ಕ.

ಅವಳೂ ನಕ್ಕಳು. ಅಷ್ಟು ದೂರ ನಡೆದರೂ ತಿಳಿಯಲಿಲ್ಲವೇ? ಮೊನ್ನೆ ಬೀಗವನ್ನು ತಲೆಕೆಳಗಾಗಿ ಹಿಡಿದು ಕೀಲಿಗೆ ತೂತು ಹುಡುಕುತ್ತಿದ್ದ. ಅದಕ್ಕೂ ಮುಂಚೆ, ಸ್ನಾನದ ಮನೆಯಿಂದ ಬರುತ್ತ ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ. ಅವಳಿಗೆ ಒಂದೊಂದೇ ನೆನಪಾಗತೊಡಗಿದವು.

ಅವರ ಬೀದಿಯಲ್ಲಿ ಪೈಪು ಹಾಕಲು ಅಡ್ಡಕ್ಕೆ ಕಂದಕ ತೋಡಿದ್ದರು. ದಾಟಲು ಒಂದು ಹಲಗೆ. ಅಗೆಯುವವರು ಅದನ್ನು ದಿನಕ್ಕೊಂದು ಕಡೆ ಎಳೆದು ಹಾಕುತ್ತಿದ್ದುದರಿಂದ ಅಪ್ಪನ ಕಾಲಿಗೆ ಅದು ಪಾಠವಾಗಿರಲಿಲ್ಲ. ಕೈ ಹಿಡಿಯಲು ಅವನು ಬಿಡುತ್ತಿರಲಿಲ್ಲ; ನೋಡಿದವರು ಏನಂದುಕೊಂಡಾರು. ಅವಳು ಪಕ್ಕದಲ್ಲಿ ನಿಂತು ಏನೋ ಮಾತಾಡುವ ಹಾಗೆ "ಬಲಕ್ಕೆ ಎರಡು ಹೆಜ್ಜೆ" ಅನ್ನುತ್ತಿದ್ದಳು. ಅವನು ಬಲಕ್ಕೆ ಎರಡು ಹೆಜ್ಜೆ ಇಟ್ಟು, ತಾನೇ ನೋಡಿಕೊಂಡವನಂತೆ ದಾಟುತ್ತಿದ್ದ. ಅಂದೂ ಹಾಗೆಯೇ ದಾಟಿದ.

ಕಾರ್ಖಾನೆಯಲ್ಲಿ ಯಾರೂ ಗುಂಡಿ ಮುಟ್ಟದೆ ಯಂತ್ರ ಓಡಿಸಿದರು. ಮೊದಲ ಕೆಲವು ಕೊಂಬೆಗಳನ್ನು ಅವಳು ಎಸೆದಳು. ಆಮೇಲೆ ಬಂದ ಪ್ರತಿಯೊಂದರಲ್ಲೂ ಹಸಿದದ್ದು ಒಂದೇ: ಮೇಲಿನ ಸಾಲಿನ ಬಲದ ಮೂಲೆ. ಎಡದ ಮೂಲೆಯದಕ್ಕೆ ಆಗಲೇ ಸಣ್ಣ ರೆಕ್ಕೆ ಮೂಡುತ್ತಿತ್ತು. ಬಲದ್ದರ ಪಾಲನ್ನೂ ಅದೇ ತಿನ್ನುತ್ತಿತ್ತು.

ಮೋಲ್ಡು ಇಳಿಸಿ, ಗೇಟುಗಳಿರುವ ಅರ್ಧವನ್ನು ಸರಪಳಿಯಲ್ಲಿ ತೂಗಿಸಿ ತಂದು ಅಪ್ಪನ ಬೆಂಚಿನ ಮೇಲೆ ಮುಖ ಮೇಲಾಗಿ ಮಲಗಿಸಿದರು. ಮೇಲ್ವಿಚಾರಕ ಸ್ವಲ್ಪ ಹೊತ್ತು ನಿಂತಿದ್ದು ಇನ್ನೊಂದು ಯಂತ್ರದ ಕರೆಗೆ ಹೋದ. ರೇಡಿಯೋ ಅಕ್ಕ ಮಾತ್ರ ಅಲ್ಲೇ ಸುಳಿದಾಡುತ್ತಿದ್ದಳು. "ಅಜ್ಜಾ, ನಮ್ಮತ್ತೆ ಬಾಯಿಗೂ ಒಂದ್ಸಲ ಅರ ಹಾಕಿಕೊಡ್ತೀರಾ? ಅಗಲ ಅಲ್ಲ, ಕಿರಿದು ಮಾಡ್ಬೇಕು."

"ಅರ ಕಿರಿದು ಮಾಡಲ್ಲಮ್ಮ" ಅಂದ ಅಪ್ಪ, ಉಕ್ಕಿನ ಮೇಲೆ ಅಂಗೈ ಆಡಿಸುತ್ತ. "ತೆಗೆಯೋದಷ್ಟೇ ಅದಕ್ಕೆ ಗೊತ್ತು. ತೆಗೆದಿದ್ದು ವಾಪಸ್ ಬರಲ್ಲ."

ಅವನ ಅಂಗೈ ತೋಡುಗಳ ಉದ್ದಕ್ಕೂ ಹೋಯಿತು. ಕಾಲುವೆಯ ಗುಂಟ ನೀರು ಹೋದ ಹಾಗೆ, ಎಲ್ಲಿಯೂ ನಿಲ್ಲದೆ. ನೋಡುವವರಿಗೆ ಅದು ತಡಕಾಟವಲ್ಲ, ಮುದ್ದು. ಆಮೇಲೆ ಅವನು ಮಗಳ ಕಡೆಗೆ ತಲೆ ವಾಲಿಸಿದ.

ಅವಳು ಬಾಯಿ ತೆರೆದಳು. ಬಲ ಎನ್ನಬೇಕು, ಅಪ್ಪ ತಿರುಗಿಸಿಕೊಂಡು ಎಡದ ಗೇಟಿಗೆ ಹೋಗಬೇಕು. ಅಷ್ಟರಲ್ಲಿ ಅದಲು ಬದಲಾದ ಚಪ್ಪಲಿ ಕಣ್ಣ ಮುಂದೆ ಬಂತು. ಅಂಗಳ ದಾಟಿ ನಡೆದೇ ಹೋದ ಆ ಕಾಲುಗಳು. ಇವತ್ತು ತಿರುಗಿಸಿಕೊಳ್ಳಲು ಮರೆತರೆ? ಅವನ ತಲೆಗೆ ಯಾಕೆ ಆ ಭಾರ, ನಾನೇ ತಿರುಗಿಸಿ ಹೇಳಿದರಾಯಿತು. ಬಿಸಿ ಅನ್ನವನ್ನು ಆರಿಸಿ ಮಗುವಿನ ಮುಂದಿಡುವಷ್ಟು ಸಹಜವಾಗಿ ಅವಳು ಅದನ್ನು ಮಾಡಿದಳು.

"ಎಡಗಡೆ ಅಪ್ಪಾ" ಅಂದಳು. "ಮೇಲಿನ ಸಾಲು."

ಅಪ್ಪ ತಲೆಯಾಡಿಸಿದ. ಅವಳ ಯಂತ್ರದ ಬಳಿ ಪ್ಲಾಸ್ಟಿಕ್ ಕಾಳಿನ ಮೂಟೆ ಬಂದಿದೆಯೆಂದು ಯಾರೋ ಕರೆದರು. ಅವಳು ಹೋದಳು. ದೂರದಿಂದ ಅವಳಿಗೆ ಅಪ್ಪನ ಬಗ್ಗಿದ ಬೆನ್ನು ಮಾತ್ರ ಕಂಡಿತು. ಅರ ಎಳೆಯುವುದು, ಬೆರಳುಗುರಿನಿಂದ ಮುಟ್ಟುವುದು, ಊದುವುದು, ಮತ್ತೆ ಎಳೆಯುವುದು. ಒಮ್ಮೆ ಅವನು ಏನೋ ಗುನುಗುತ್ತಿದ್ದಾನೆ ಅನ್ನಿಸಿತು. ಯಂತ್ರಗಳ ಸದ್ದಿನಲ್ಲಿ ಕೇಳಿಸಲಿಲ್ಲ, ತಲೆ ಅಲ್ಲಾಡುತ್ತಿದ್ದುದು ಕಂಡಿತು.

ಮೋಲ್ಡು ಮತ್ತೆ ಯಂತ್ರಕ್ಕೆ ಏರಿತು. ಅಪ್ಪನೂ ಬಂದು ಪಕ್ಕದಲ್ಲಿ ನಿಂತ. ಯಂತ್ರದ ಬಿಸಿ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು. ಅವಳು ಮೊದಲ ಕೊಂಬೆಗಳನ್ನು ಎಸೆದಳು. ಯಂತ್ರ ಕಾದು ಹದಕ್ಕೆ ಬಂದ ಮೇಲೆ ಮೋಲ್ಡು ತೆರೆಯಿತು.

ಬಲದ ಮೂಲೆ ಅರ್ಧಕ್ಕರ್ಧ ಖಾಲಿ. ಎಡದ ಮೂಲೆಯ ಮುಚ್ಚಳದ ಸುತ್ತ ಅಗಲವಾದ ರೆಕ್ಕೆ ಹರಡಿ, ಪಕ್ಕದ ಮುಚ್ಚಳವನ್ನೂ ಅಂಟಿಸಿಕೊಂಡು ನಿಂತಿತ್ತು.

ಮೇಲ್ವಿಚಾರಕ ಕೊಂಬೆ ಕಿತ್ತುಕೊಂಡು ನೋಡಿದ. ಮತ್ತೆ ಓಡಿಸಿದ. ಹಾಗೆಯೇ ಬಂತು.

"ಅಜ್ಜಾ" ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ಅಜ್ಜಾ, ನೀವು ತೆಗೆದಿರೋದು ಆ ಕಡೇದು. ತುಂಬ್ತಾ ಇದ್ದಿದ್ದನ್ನೇ ಇನ್ನೂ ತೆಗೆದಿದೀರಿ."

ಅಪ್ಪ ಕೈ ಚಾಚಿದ. ಮೇಲ್ವಿಚಾರಕ ಕೊಂಬೆಯನ್ನು ಅವನ ಕೈಗೆ ಕೊಟ್ಟ. ಹೆಬ್ಬೆರಳು ಖಾಲಿ ಮೂಲೆಯನ್ನು ಮುಟ್ಟಿತು, ದಂಟಿನ ಗುಂಟ ನಡೆದು ಬಂದು ಈ ತುದಿಯ ರೆಕ್ಕೆಯ ಮೇಲೆ ನಿಂತಿತು. ಅಲ್ಲೇ ಬಹಳ ಹೊತ್ತು ನಿಂತಿತು. ಅವಳು ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅಪ್ಪ ಮರೆತಿರಲಿಲ್ಲ. ರೂಢಿಯಂತೆ, ಯಾವತ್ತಿನಂತೆ, ಅವಳ ಮಾತನ್ನು ಸರಿಯಾಗಿ ತಿರುಗಿಸಿಕೊಂಡೇ ಅರ ಇಟ್ಟಿದ್ದ. ತಿರುಗಿಸಿದ್ದನ್ನು ತಿರುಗಿಸಿದ್ದ.

"ಸಾರ್, ಅದು ನಾನು..." ಅಂದಳು.

ಅಪ್ಪನ ಎಡಗೈ ಗಾಳಿಯಲ್ಲಿ ಹುಡುಕಿ ಅವಳ ಮಣಿಕಟ್ಟನ್ನು ಹಿಡಿಯಿತು.

"ತಿರುಗಿಸಿಕೊಳ್ಳೋದು ಮರೆತುಹೋಯ್ತು" ಅಂದ, ಎಲ್ಲರಿಗೂ ಕೇಳುವ ಹಾಗೆ. "ಎಡಾನ ಎಡ ಅಂತಾನೇ ತಗೊಂಡೆ. ವಯಸ್ಸಾಯ್ತು ನೋಡಿ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಮರೆತಿರಲಿಲ್ಲ."

ಎಡವನ್ನು ಎಡ ಎಂದೇ ತೆಗೆದುಕೊಂಡಿದ್ದರೆ ಮುಚ್ಚಳ ತುಂಬಿರುತ್ತಿತ್ತು. ಅದನ್ನು ಲೆಕ್ಕ ಹಾಕಿ ನೋಡುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ. ಅವಳಿಗೆ ಮಾತಾಡಬೇಕಿತ್ತು. ಆದರೆ ಕೊಂಬೆ ಮಲಗಿಸಿ ಅಜ್ಜ ತಾನೇ ಯಾಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದರೆ? ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ಮರೆಗುಳಿ ಎಂದು ಕರೆಯಲಿ, ಕುರುಡ ಅನ್ನುವುದು ಬೇಡ.

"ಇರ್ಲಿ ಬಿಡಿ ಅಜ್ಜಾ" ಅಂದ ಮೇಲ್ವಿಚಾರಕ. "ಹೆಂಗಿದ್ರೂ ಲಾರಿ ಬರ್ತಿತ್ತು."

ರೇಡಿಯೋ ಅಕ್ಕ ತನ್ನ ಯಂತ್ರದ ಮುಂದೆ ಹೋಗಿ ನಿಂತು ಮುಚ್ಚಳ ಮುರಿಯತೊಡಗಿದಳು. ಅವಳ ಬಾಯಿಯಿಂದ ಮಾತು ಬರದಿದ್ದದ್ದನ್ನು ಅಂದೇ ಎಲ್ಲರೂ ಮೊದಲು ಕಂಡದ್ದು.

ಲಾರಿ ಹೇಳಿದ ಹೊತ್ತಿಗೇ ಬಂತು. ಮೋಲ್ಡಿನ ಎರಡು ಅರ್ಧಗಳನ್ನು ಜೋಡಿಸಿ, ಪಟ್ಟಿ ಬಿಗಿದು, ಮೇಲೆತ್ತಿ ಇಟ್ಟರು. ಅಪ್ಪ ಸದ್ದಿನಿಂದಲೇ ಎಲ್ಲವನ್ನೂ ತಿಳಿದುಕೊಳ್ಳುತ್ತ ಬೆಂಚಿನ ಬಳಿ ಕೂತಿದ್ದ. ಲಾರಿ ಹೊರಟ ಮೇಲೆ ಬೆಂಚನ್ನು ಒರೆಸಿದ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಅರಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿಟ್ಟ. ಜೇಬಿನಲ್ಲಿದ್ದುದನ್ನೂ ತೆಗೆದು, ಬಟ್ಟೆ ಬಿಚ್ಚಿ, ಕೊನೆಯಲ್ಲಿ ಇಟ್ಟ. ಬಟ್ಟೆಯನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡ.

"ನಾಳೆ..." ಅಂತ ಶುರುಮಾಡಿದ ಮೇಲ್ವಿಚಾರಕ.

"ಗೊತ್ತಪ್ಪಾ" ಅಂದ ಅವನು. "ನೀನು ಹೇಳೋದು ಬೇಡ. ನಿನ್ನ ಬಾಯಲ್ಲಿ ಯಾಕೆ."

ಇಬ್ಬರೂ ಮನೆಯ ದಾರಿ ಹಿಡಿದರು. ಶಾಲೆ ಬಿಟ್ಟ ಮಕ್ಕಳು ಓಡುತ್ತ ಹೋದರು. ಯಾರದೋ ಮನೆಯ ಕುಕ್ಕರು ಕೂಗಿತು. ಒಗೆದ ಬಟ್ಟೆ ಒಳಗೆ ತೆಗೆದುಕೊಳ್ಳುತ್ತಿದ್ದ ಹೆಂಗಸೊಬ್ಬಳು "ಏನಜ್ಜಾ, ಇವತ್ತು ಬೇಗ?" ಅಂದಳು. ಅಪ್ಪ ಆ ದನಿಯ ಕಡೆಗೆ ಕೈ ಎತ್ತಿದ.

"ತಿರುಗಿಸಿ ಹೇಳಿದ್ಯಾ?" ಅಂದ ಆಮೇಲೆ.

"ಹೂಂ."

"ನಂಗೆ ಸುಲಭ ಆಗ್ಲಿ ಅಂತ."

ಅವಳು ಊಟದ ಡಬ್ಬಿಗಳ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಒಳ್ಳೇದನ್ನೇ ಮಾಡಿದೆ ಬಿಡು" ಅಂದ ಅಪ್ಪ. ಸ್ವಲ್ಪ ದೂರ ಹೋಗಿ, "ಪುಟ್ಟಿಗೆ ಹೇಳ್ಬೇಡ, ಆಯ್ತಾ? ತಾತಂಗೆ ರಜಾ ಕೊಟ್ಟಿದಾರೆ ಅನ್ನು" ಅಂದ.

ಅವಳ ಕಣ್ಣು ತುಂಬಿತ್ತು. ಕಾಲುಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಕಂದಕ ಬಂದದ್ದು, ಹಲಗೆ ತುಳಿದದ್ದು, ಒಂದೂ ಅವಳ ಗಮನಕ್ಕೆ ಬರಲಿಲ್ಲ. ಆಚೆ ಬದಿಗೆ ಬಂದು ನಾಲ್ಕು ಮಾರು ನಡೆದ ಮೇಲೆ ಪಕ್ಕದಲ್ಲಿ ಹೆಜ್ಜೆ ಸದ್ದಿಲ್ಲದ್ದು ತಿಳಿದು ತಿರುಗಿದಳು.

ಅಪ್ಪ ಆ ಬದಿಯಲ್ಲೇ ನಿಂತಿದ್ದ. ಸಡಿಲ ಮಣ್ಣು ಕಾಲಿಗೆ ಸಿಕ್ಕು ನಿಂತಿದ್ದಿರಬೇಕು. ಚಪ್ಪಲಿಯ ತುದಿ ಅಂಚಿನಾಚೆ ಇಣುಕುತ್ತಿತ್ತು. ಅಗೆಯುವವರು ಹಲಗೆಯನ್ನು ಮತ್ತೆ ಎಲ್ಲೋ ಎಳೆದು ಹಾಕಿದ್ದರು. ಅವನು ನಿಂತ ಜಾಗಕ್ಕೂ ಅದಕ್ಕೂ ಎರಡೇ ಹೆಜ್ಜೆ. ಅವಳು ಓಡಿ ಬಂದು ಕಂದಕದ ಈಚೆ, ಅವನ ಎದುರಿಗೆ ನಿಂತಳು. ನಡುವೆ ಕೆಸರು ನೀರಿನಲ್ಲಿ ಪೈಪು ಮಲಗಿತ್ತು.

"ಯಾವ ಕಡೆ ಮರಿ?" ಅಂದ ಅಪ್ಪ. ದಿನವೂ ಕೇಳುವ ದನಿಯಲ್ಲೇ ಕೇಳಿದ. "ಎಡಕ್ಕಾ, ಬಲಕ್ಕಾ?"

ಅವಳು ಹಲಗೆಯನ್ನು ನೋಡಿದಳು. ಅದು ಅವಳ ಬಲಕ್ಕಿತ್ತು, ಅಪ್ಪನ ಎಡಕ್ಕೆ. ಅವಳು ಅಪ್ಪನನ್ನು ನೋಡಿದಳು. ಬಾಯಿ ತೆರೆದಳು. ಎರಡು ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

ಅಪ್ಪ ಅವಳ ಕಡೆಗೆ ಕಿವಿ ವಾಲಿಸಿ, ಒಂದು ಕಾಲನ್ನು ನೆಲದಿಂದ ತುಸುವೇ ಎತ್ತಿ ಕಾಯುತ್ತಿದ್ದ. ಇನ್ನೊಂದು ಕಾಲಿನ ಕೆಳಗಿನಿಂದ ಒಂದಿಷ್ಟು ಮಣ್ಣು ಜಾರಿ ನೀರಿಗೆ ಬಿದ್ದ ಸದ್ದು ಕೇಳಿಸಿತು.